ದ್ರಾಕ್ಷಿ ಕೊಯ್ದ ಕೈ ಯಾರದು?



ಕಳೆದ ಫೆಬ್ರುವರಿಯಲ್ಲಿ ನಾನು ಮತ್ತು ನನ್ನ ಮನೆಯವರು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಹೋಗಿದ್ದೆವು. ಮಗಳು-ಅಳಿಯ ನೌಕರಿಯ ಮೇಲೆ ಎರಡು ವರ್ಷಕ್ಕೆಂದು ಅಲ್ಲಿದ್ದಾರೆ. ಊರಿಗೆ ಬಂದ ಮೇಲೆ ಬಸವ ಬಳಗದ ಗೆಳೆಯರ ಮುಂದೆ, ಅಲ್ಲಿಯ ವೈನ್ ತೋಟಗಳನ್ನು ಒಂದು ದಿನ ಸುತ್ತಿ ಬಂದೆವೆಂದು ಹೇಳಿದೆ. ಒಬ್ಬರು ಮುಖ ಸಿಂಡರಿಸಿ, "ಕೊರಳಲ್ಲಿ ಲಿಂಗ ಕಟ್ಟಿಕೊಂಡು ಅಲ್ಲಿ ಕಾಲಿಟ್ಟಿರಾ?" ಎಂದರು. ಇನ್ನೊಬ್ಬರು ಮಗನ ಜೊತೆ ನಾಸಿಕದ ತೋಟಗಳನ್ನು ನೋಡಿ ಬಂದವರು. "ವೈನ್ ಅಂದರೆ ಹೆಂಡವಲ್ರೀ, ಅದೊಂದು ಸಂಸ್ಕೃತಿ" ಎಂದರು. ಇಬ್ಬರ ಕಣ್ಣೂ ಗಾಜಿನ ಬಟ್ಟಲ ಮೇಲೆಯೇ ಇತ್ತು. ಆ ದ್ರಾಕ್ಷಿಯನ್ನು ಕೊಯ್ದವರು ಯಾರು, ಅವರಿಗೆ ಏನು ಸಿಕ್ಕಿತು ಎಂದು ಇಬ್ಬರೂ ಕೇಳಲಿಲ್ಲ. ಕಾಯಕವೇ ಕೈಲಾಸವೆಂದು ದಿನವೂ ಹೇಳುವ ನಮ್ಮ ಬಾಯಲ್ಲಿ ಈ ಪ್ರಶ್ನೆ ಮೊದಲು ಬರಬೇಕಿತ್ತು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಮದ್ಯ ಮುಟ್ಟಿದವನಲ್ಲ. ಇಳಕಲ್ಲಿನ ಮಹಾಂತ ಅಪ್ಪಗಳು ಊರೂರಿಗೆ ಜೋಳಿಗೆ ಹಿಡಿದು ಬಂದು ಜನರ ದುಶ್ಚಟಗಳನ್ನು ಬೇಡಿದ ಕಾಲವನ್ನು ಕಂಡವನು. ನನ್ನ ಚಿಕ್ಕಪ್ಪ ತನ್ನ ಕುಡಿತವನ್ನು ಆ ಜೋಳಿಗೆಗೆ ಹಾಕಿ ಮನುಷ್ಯನಾದವನು. ಆದ್ದರಿಂದ ಈ ಲೇಖನ ಕುಡಿತದ ಪರ ವಕಾಲತ್ತು ಎಂದು ಯಾರೂ ತಿಳಿಯಬಾರದು.

ಆ ದಿನದ ಪ್ರವಾಸ ಅಳಿಯ ನಮ್ಮ ಮದುವೆಯ ನಲವತ್ತನೆಯ ವರ್ಷಕ್ಕೆ ಕೊಟ್ಟ ಉಡುಗೊರೆ. ನಾಲ್ವರಿಗೇ ಒಂದು ವಾಹನ, ಒಬ್ಬ ಗೈಡ್. ನಾವು ಹೇಳಿದಲ್ಲಿ ನಿಲ್ಲಿಸುವುದು, ಕೇಳಿದ್ದನ್ನು ತೋರಿಸುವುದು. ಇದಕ್ಕೆ ಖಾಸಗಿ ಪ್ರವಾಸ ಎನ್ನುತ್ತಾರೆ. ಹಲವು ಸಾವಿರ ರ‍್ಯಾಂಡ್ ಖರ್ಚು. ಬೆಳಿಗ್ಗೆ ಎಂಟೂವರೆಗೆ ಗೈಡ್ ಬಂದ. ಐವತ್ತರ ಆಸುಪಾಸಿನವನು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಸೌಮ್ಯವಾದ ಮಾತು. ಅವನ ಅಡ್ಡಹೆಸರು ವರ್ಷದ ಒಂದು ತಿಂಗಳಿನ ಹೆಸರು. ಅದನ್ನು ಕೇಳಿ ನಮ್ಮ ಮನೆಯವರು ನಕ್ಕರು, ಅವನೂ ನಕ್ಕ. ಸಂಜೆಯ ಹೊತ್ತಿಗೆ ಆ ನಗು ನಮಗೆ ಮುಳ್ಳಾಯಿತು.

ಕೇಪ್‌ಟೌನ್‌ನಿಂದ ಸ್ಟೆಲೆನ್‌ಬಾಷ್ ಸುಮಾರು 50 ಕಿಲೋಮೀಟರ್. ವಿಮಾನ ನಿಲ್ದಾಣದ ಕಡೆಯ ಹೆದ್ದಾರಿಯ ಬದಿಗೆ ತಗಡಿನ ಗುಡಿಸಲುಗಳು ಕಣ್ಣು ಹರಿಯುವಷ್ಟು ದೂರ ಇವೆ. ಲಂಗಾ, ಖಯೆಲಿಟ್ಷಾ ಮುಂತಾದವು. ಬಿಳಿಯರ ಸರ್ಕಾರಗಳು ಕರಿಯರನ್ನು ಊರ ಹೊರಗೆ ಇಟ್ಟ ಕೇರಿಗಳು. ಗೈಡ್ ಆಗ ನಮಗೆ ಎದುರಿನ ಬೆಟ್ಟಗಳನ್ನು ತೋರಿಸುತ್ತಿದ್ದ. ತಪ್ಪು ಅವನದಲ್ಲ. ಪ್ರವಾಸಿಗರು ಹಣ ಕೊಟ್ಟದ್ದು ಬೆಟ್ಟ ನೋಡಲು.

ಸ್ಟೆಲೆನ್‌ಬಾಷ್ 1679ರಲ್ಲಿ ಹುಟ್ಟಿದ ಊರು. ಬೀದಿಗಳಲ್ಲಿ ಓಕ್ ಮರಗಳು, ಸುಣ್ಣ ಬಳಿದ ಡಚ್ ಶೈಲಿಯ ಮನೆಗಳು. ಮೊದಲನೆಯ ತೋಟದಲ್ಲಿ ನಮ್ಮನ್ನು ಮರದಡಿಯ ಮೇಜಿಗೆ ಕೂರಿಸಿದರು. ಅಳಿಯನ ಮುಂದೆ ಐದು ಬಟ್ಟಲು, ನಮ್ಮ ಮುಂದೆ ದ್ರಾಕ್ಷಿ ರಸ. ಒಬ್ಬ ತರುಣಿ ಬಂದು ಯಾವ ವೈನಿಗೆ ಯಾವ ವಾಸನೆ, ಯಾವ ಮರದ ಪೀಪಾಯಿ ಎಂದು ವಿವರಿಸಿದಳು. 1925ರಲ್ಲಿ ಇದೇ ಊರಿನಲ್ಲಿ ಪೆರೋಲ್ಡ್ ಎಂಬ ಪ್ರಾಧ್ಯಾಪಕರು ಎರಡು ತಳಿಗಳನ್ನು ಕೂಡಿಸಿ ಪಿನೊಟಾಜ್ ಎಂಬ ಹೊಸ ದ್ರಾಕ್ಷಿ ಮಾಡಿದ ಕಥೆ ಹೇಳಿದಳು. ಎಂಜಿನಿಯರ್ ಆದ ನನಗೆ ಅದು ಹಿಡಿಸಿತು. ಮೇಜಿನ ನಡುವೆ ಒಂದು ಲೋಹದ ಪಾತ್ರೆ ಇತ್ತು. ಏನೆಂದು ಕೇಳಿದೆ. ಬಾಯಲ್ಲಿ ಹಾಕಿಕೊಂಡು ರುಚಿ ನೋಡಿ ಅದರಲ್ಲಿ ಉಗುಳಬೇಕಂತೆ. ಹತ್ತಾರು ರುಚಿ ನೋಡುವವರಿಗೆ ತಲೆಗೇರಬಾರದಲ್ಲ. ತಾಟಿನಲ್ಲಿ ಒಂದು ಅಗುಳು ಉಳಿದರೆ ಪ್ರಸಾದ ಕೆಡಿಸಿದೆವೆಂದು ಬೈಸಿಕೊಂಡು ಬೆಳೆದವನು ನಾನು. ಎಲ್ಲೋ ಬಿಸಿಲಲ್ಲಿ ಬಗ್ಗಿ ಕೊಯ್ದವರ ದುಡಿಮೆ ಆ ಪಾತ್ರೆಗೆ ಬೀಳುವುದನ್ನು ನೋಡುತ್ತ ಕುಳಿತೆ.

ಅಲ್ಲಿಂದ ಫ್ರಾನ್ಸ್‌ಹೂಕ್ ಕಣಿವೆಗೆ ಹೋದೆವು. ದಾರಿಯುದ್ದಕ್ಕೂ ಗೈಡ್ ಇತಿಹಾಸ ಹೇಳಿದ. ಡಚ್ ಕಂಪನಿಯ ಯಾನ್ ವಾನ್ ರೀಬೀಕ್ 1659ರ ಫೆಬ್ರುವರಿ 2ರಂದು ಕೇಪ್‌ನ ಮೊದಲ ವೈನ್ ಹಿಂಡಿಸಿದ್ದನ್ನು ದಿನಚರಿಯಲ್ಲಿ ಬರೆದಿಟ್ಟ. ಗವರ್ನರ್ ಸೈಮನ್ ವಾನ್ ಡೆರ್ ಸ್ಟೆಲ್ 1685ರಲ್ಲಿ ಕಾನ್‌ಸ್ಟಾಂಷಿಯಾ ತೋಟ ಮಾಡಿದ. ಆ ತೋಟದ ಸಿಹಿ ವೈನನ್ನು ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್ ತರಿಸಿಕೊಳ್ಳುತ್ತಿದ್ದ. ಫ್ರಾನ್ಸಿನ ರಾಜ ಪ್ರಾಟೆಸ್ಟೆಂಟರ ಧರ್ಮಸ್ವಾತಂತ್ರ್ಯ ಕಿತ್ತುಕೊಂಡಾಗ ಹ್ಯೂಗನಾಟ್ ಎಂಬ ಜನ ಊರು ಬಿಟ್ಟು ಓಡಿ, 1688ರಲ್ಲಿ ಈ ಕಣಿವೆಗೆ ಬಂದರು. ಅವರಿಗೆ ಊರ ತುದಿಯಲ್ಲಿ ದೊಡ್ಡ ಸ್ಮಾರಕವಿದೆ. ಅದರ ಮುಂದೆ ನಿಂತಾಗ ನನಗೆ ಕಲ್ಯಾಣ ಬಿಟ್ಟು ಉಳವಿಯ ಕಡೆ ನಡೆದ ನಮ್ಮ ಶರಣರ ನೆನಪಾಗಿ ಕಣ್ಣು ತುಂಬಿತು.

ಅದು ಸುಗ್ಗಿಯ ಕಾಲ. ಸ್ಮಾರಕದಿಂದ ಹೊರಟ ಸ್ವಲ್ಪ ಹೊತ್ತಿಗೆ ದ್ರಾಕ್ಷಿ ಸಾಲುಗಳ ನಡುವೆ ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸರು ಕೊಯ್ಯುತ್ತಿದ್ದುದು ಕಂಡಿತು. ನಾನು ಗೈಡಿಗೆ ಕೇಳಿದೆ: "ಬೆಳಿಗ್ಗೆಯಿಂದ ಗವರ್ನರನ ಹೆಸರು ಹೇಳಿದಿರಿ, ನೆಪೋಲಿಯನ್ ಹೆಸರು ಹೇಳಿದಿರಿ. ಈ ತೋಟಗಳನ್ನು ಅಗೆದವರು ಯಾರು?"

ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ವಾಹನವನ್ನು ರಸ್ತೆ ಬದಿಗೆ ನಿಲ್ಲಿಸಿದ. "ನಮ್ಮವರು" ಎಂದ.

ಆಮೇಲೆ ಅವನು ಹೇಳಿದ್ದು ಕಂಪನಿ ಕಲಿಸಿಕೊಟ್ಟ ಪಾಠವಾಗಿರಲಿಲ್ಲ. ಕೇಪ್‌ಗೆ ಡಚ್ಚರು ಬಂದ 1652ರಿಂದ, ಬ್ರಿಟಿಷರು ಗುಲಾಮರ ವ್ಯಾಪಾರ ನಿಲ್ಲಿಸಿದ 1808ರವರೆಗೆ ಸುಮಾರು 60 ಸಾವಿರ ಗುಲಾಮರನ್ನು ಹಡಗಿನಲ್ಲಿ ತಂದರು. ಮಡಗಾಸ್ಕರ್, ಮೊಜಾಂಬಿಕ್, ಇಂಡೋನೇಷ್ಯಾದಿಂದ ತಂದಂತೆಯೇ ನಮ್ಮ ಬಂಗಾಳ, ಮಲಬಾರ್, ಕೋರಮಂಡಲ ತೀರಗಳಿಂದಲೂ ತಂದರು. ಹುಟ್ಟುಹೆಸರು ಕಿತ್ತು, ಅನೇಕರಿಗೆ ತಿಂಗಳಿನ ಹೆಸರಿಟ್ಟರು. ಆ ಹೆಸರುಗಳೇ ಇಂದಿಗೂ ಅವರ ಮೊಮ್ಮಕ್ಕಳ ಅಡ್ಡಹೆಸರು. ನಮ್ಮ ಮನೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಧರ್ಮಕ್ಕಾಗಿ ಮನೆ ಬಿಟ್ಟು ಬಂದ ಆ ಹ್ಯೂಗನಾಟರೂ ನೆಲೆ ಕಂಡ ಮೇಲೆ ಗುಲಾಮರನ್ನು ಕೊಂಡರು. 1834ರ ಡಿಸೆಂಬರ್ 1ರಂದು ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡಿತು. ಆದರೂ ಮತ್ತೆ ನಾಲ್ಕು ವರ್ಷ ಅದೇ ಒಡೆಯನ ಹತ್ತಿರ ದುಡಿಯಬೇಕೆಂಬ ಕಟ್ಟಳೆ. ಪರಿಹಾರದ ಹಣ ಸಿಕ್ಕಿದ್ದು ಒಡೆಯರಿಗೆ, ಬಿಡುಗಡೆಯಾದವರಿಗೆ ಅಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಅಲ್ಲಿ 'ಡಾಪ್' ಎಂಬ ಪದ್ಧತಿ ಇತ್ತು. ಕೂಲಿಯ ಒಂದು ಭಾಗವನ್ನು ವೈನ್ ರೂಪದಲ್ಲಿ ಕೊಡುವುದು. ಬೆಳಗಿನಿಂದ ಸಂಜೆಯವರೆಗೆ ಹಲವು ಬಾರಿ ತಗಡಿನ ಲೋಟದಲ್ಲಿ ಅಗ್ಗದ ವೈನ್ ಅಳೆದು ಕೊಡುತ್ತಿದ್ದರು. ಗೈಡಿನ ಅಜ್ಜ ಹಾಗೆ ಕುಡಿದೇ ದುಡಿದವನು, ಕುಡಿದೇ ಸತ್ತವನು. ಕುಡಿತ ಹತ್ತಿದ ಆಳು ತೋಟ ಬಿಟ್ಟು ಹೋಗುವುದಿಲ್ಲ, ಕೂಲಿ ಜಾಸ್ತಿ ಕೇಳುವುದಿಲ್ಲ. ಇದೇ ಅದರ ಲೆಕ್ಕಾಚಾರ. ಕಾನೂನು ನಿಷೇಧಿಸಿದ ಮೇಲೂ ಕೆಲವು ತೋಟಗಳಲ್ಲಿ 1990ರ ದಶಕದವರೆಗೆ ಅದು ನಡೆದೇ ಇತ್ತು. ಬಸಿರಿನಲ್ಲಿ ತಾಯಿ ಕುಡಿದದ್ದರಿಂದ ಮಗುವಿನ ಮೆದುಳಿಗೆ ಆಗುವ ಹಾನಿ ಜಗತ್ತಿನಲ್ಲೇ ಅತಿ ಹೆಚ್ಚು ದಾಖಲಾಗಿರುವ ಪ್ರದೇಶಗಳಲ್ಲಿ ಈ ವೈನ್ ಸೀಮೆ ಒಂದು. ಮರದಡಿಯ ಮೇಜಿನ ಮೇಲೆ ಆ ತರುಣಿ ಹೇಳದ ವಾಸನೆ ಇದು.

ಮರುದಿನ ನಾನು ಕೇಪ್‌ಟೌನ್‌ನಲ್ಲಿ ಗುಲಾಮರನ್ನು ಕೂಡಿಹಾಕುತ್ತಿದ್ದ ಹಳೆಯ ಕಟ್ಟಡಕ್ಕೆ ಹೋದೆ. ಸ್ಲೇವ್ ಲಾಡ್ಜ್ ಎನ್ನುತ್ತಾರೆ, ಈಗ ಅದು ವಸ್ತುಸಂಗ್ರಹಾಲಯ. ಮುಂದೆ ಓದುತ್ತ ಹೋದಾಗ ಬಂಗಾಳದ ಏಂಜೆಲಾ ಎಂಬ ಹೆಣ್ಣುಮಗಳ ಕಥೆ ಸಿಕ್ಕಿತು. ವಾನ್ ರೀಬೀಕನ ಮನೆಯಲ್ಲಿ ಗುಲಾಮಳಾಗಿದ್ದು 1666ರಲ್ಲಿ ಬಿಡುಗಡೆ ಪಡೆದವಳು. ಮೊದಲ ವೈನ್ ಹಿಂಡಿದ ಮನುಷ್ಯನ ಮನೆಯಲ್ಲಿ ಆಳಾಗಿ ಇದ್ದವಳು ನಮ್ಮ ದೇಶದ ಮಗಳು. ಇದನ್ನು ತಿಳಿಯದೆ "ವೈನ್ ಒಂದು ಸಂಸ್ಕೃತಿ" ಎನ್ನುವ ನನ್ನ ಗೆಳೆಯರಿಗೆ ಏನು ಹೇಳಲಿ?

ಅವರು ಹೇಳಬಹುದು: ಇದೆಲ್ಲ ಹಳೆಯ ಕಥೆ, ಈಗ ಪ್ರಜಾಪ್ರಭುತ್ವವಿದೆ ಎಂದು. 2011ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಈ ಸೀಮೆಯ ಹಣ್ಣು ಮತ್ತು ವೈನ್ ತೋಟಗಳ ಬಗ್ಗೆ ವರದಿ ಮಾಡಿತು. ಶೌಚಾಲಯವಿಲ್ಲ, ಕುಡಿಯುವ ನೀರಿಲ್ಲ, ಕೀಟನಾಶಕದಿಂದ ರಕ್ಷಣೆಯಿಲ್ಲ, ಮನೆಯಿಂದ ಎಬ್ಬಿಸುತ್ತಾರೆ ಎಂಬ ದೂರುಗಳನ್ನು ಅದು ದಾಖಲಿಸಿದೆ. 2012ರ ಕೊನೆಗೆ ಡಿ ಡೋರ್ನ್ಸ್ ಎಂಬ ದ್ರಾಕ್ಷಿ ಸೀಮೆಯಲ್ಲಿ ಕೂಲಿಕಾರರು ಮುಷ್ಕರ ಹೂಡಿದರು. ದಿನಗೂಲಿ ಆಗ 69 ರ‍್ಯಾಂಡ್ ಇತ್ತು, ಅವರು ಕೇಳಿದ್ದು 150. ಹೋರಾಟದ ಬಳಿಕ 2013ರ ಮಾರ್ಚ್‌ನಿಂದ ಸರ್ಕಾರ 105 ರ‍್ಯಾಂಡ್ ಗೊತ್ತುಪಡಿಸಿತು. ಇದು ನೆಪೋಲಿಯನ್ ಕಾಲದ ಮಾತಲ್ಲ. ನಾನು ನಿವೃತ್ತಿಯ ಹತ್ತಿರ ಇದ್ದಾಗಿನ ಮಾತು.

ಇನ್ನೊಂದು ಮಾತೂ ನ್ಯಾಯವಾಗಿ ಹೇಳಬೇಕು. ಎಲ್ಲ ತೋಟಗಳೂ ಒಂದೇ ಅಲ್ಲ. ಸೋಲ್ಮ್ಸ್-ಡೆಲ್ಟಾ ಎಂಬ ತೋಟದವರು ತಮ್ಮ ನೆಲದ ಗುಲಾಮರ ಕಥೆಯನ್ನೇ ವಸ್ತುಸಂಗ್ರಹಾಲಯ ಮಾಡಿಟ್ಟರು. ನ್ಯಾಯವಾದ ಕೂಲಿಯ ಮುದ್ರೆ ಪಡೆದ ತೋಟಗಳೂ ಇವೆ. ಸಾವಿರಾರು ಬಡವರ ಅನ್ನ ಈ ದ್ರಾಕ್ಷಿಯಲ್ಲಿದೆ. ಆದ್ದರಿಂದ ಆ ಕಡೆ ಕಾಲಿಡಬಾರದು ಎನ್ನುವ ಮೊದಲನೆಯ ಗೆಳೆಯರ ಮಾತನ್ನೂ ನಾನು ಒಪ್ಪುವುದಿಲ್ಲ. ಮಡಿವಂತಿಕೆಯಿಂದ ದೂರ ನಿಂತವರು ಯಾರ ಕಣ್ಣೀರನ್ನೂ ಒರೆಸಿಲ್ಲ. ಹೆಂಡದ ಮಾರಯ್ಯನವರು ಹೆಂಡ ಮಾರುವ ವೃತ್ತಿಯಿಂದ ಬಂದವರು. ಶರಣ ಸಮೂಹ ಅವರನ್ನು ಒಳಗೆ ಕರೆದುಕೊಂಡಿತು, ಅವರು ಆ ಕಸುಬಿನ ಮಾತುಗಳಲ್ಲೇ ವಚನ ಬರೆದರು. ಶರಣರು ಮೊದಲು ಮನುಷ್ಯನನ್ನು ನೋಡಿದರು.

ಈಗ ನನ್ನ ತಪ್ಪಿನ ಮಾತು. ಡಾಪ್ ಬಗ್ಗೆ ಗೈಡ್ ಹೇಳುತ್ತಿದ್ದಾಗ ನನಗೆ ಬೇರೆ ದೇಶದ ಕಥೆ ಕೇಳಿದಂತೆ ಆಗಲಿಲ್ಲ. 1980ರ ದಶಕದಲ್ಲಿ ನಾನು ಎಳೆಯ ಸಹಾಯಕ ಎಂಜಿನಿಯರ್. ಒಂದು ಕಾಲುವೆಯ ಕಾಮಗಾರಿ. ಕಾಂಕ್ರೀಟ್ ಹಾಕುವುದನ್ನು ನಡುವೆ ನಿಲ್ಲಿಸುವಂತಿಲ್ಲ, ರಾತ್ರಿಯಿಡೀ ಕೆಲಸ. ಹನ್ನೊಂದು ಗಂಟೆಗೆ ಗುತ್ತಿಗೆದಾರನ ಜೀಪು ಬರುತ್ತಿತ್ತು, ಸಾರಾಯಿ ಪ್ಯಾಕೆಟ್ಟುಗಳ ಚೀಲ ಇಳಿಸುತ್ತಿದ್ದರು. ಕೂಲಿಕಾರರು ಕುಡಿದು ಬೆಳತನಕ ಬಾಂಡಲಿ ಹೊರುತ್ತಿದ್ದರು. ವಾರದ ಬಟವಾಡೆಯಲ್ಲಿ ಆ ಪ್ಯಾಕೆಟ್ಟಿನ ಹಣ ಮುರಿದುಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. ನಾನು ಅಳತೆ ಪುಸ್ತಕಕ್ಕೆ ಸಹಿ ಹಾಕಿದೆ. ಕಾಂಕ್ರೀಟಿನ ಘನಮೀಟರ್ ಸರಿಯಾಗಿತ್ತು, ನನ್ನ ಪ್ರಕಾರ ನನ್ನ ಕಾಯಕವೂ ಸರಿಯಾಗಿತ್ತು. ಆ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ನಾನು ಸಂತೋಷಪಟ್ಟು ಭಾಷಣವನ್ನೂ ಮಾಡಿದೆ. ಆ ಚೀಲ ಇಳಿಸುತ್ತಿದ್ದ ರಾತ್ರಿಗಳಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಡಾಪ್ ಕೊಟ್ಟ ಒಡೆಯನಿಗೂ ನನಗೂ ಇದ್ದ ದೂರ ಎಷ್ಟು?

ನಮ್ಮ ಓದುಗರಲ್ಲಿ ವಿಜಯಪುರ, ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು ಇದ್ದಾರೆ. ಬಸವಣ್ಣನವರು ಹುಟ್ಟಿದ ಜಿಲ್ಲೆಯ ದ್ರಾಕ್ಷಿ ಹೆಚ್ಚಾಗಿ ಒಣದ್ರಾಕ್ಷಿಯಾಗುತ್ತದೆ. ಅದರಲ್ಲಿ ಮದ್ಯವಿಲ್ಲವೆಂದು ನಾವು ಸಮಾಧಾನ ಪಡಬಹುದು. ಆದರೆ ನಮ್ಮ ಪಡದಲ್ಲಿ ಗೊನೆ ಕೊಯ್ಯುವ ಹೆಣ್ಣುಮಗಳ ಕೂಲಿ ಗಂಡಾಳಿಗೆ ಸಮವಿದೆಯೇ? ಆಕೆಗೆ ನೀರು ಕೊಡುವ ತಂಬಿಗೆ ನಮ್ಮ ಮನೆಯ ತಂಬಿಗೆಯೇ, ಅಥವಾ ಗಿಡಕ್ಕೆ ತೂಗುಹಾಕಿದ ಬೇರೆಯದೇ? ಕಲ್ಯಾಣದಿಂದ ಜಾತಿ ಬಿಟ್ಟು ಹೊರಟವರ ಮಕ್ಕಳು ಊರ ಗೌಡರಾದ ಮೇಲೆ ಜಾತಿಯನ್ನು ಮತ್ತೆ ಹೊಸ್ತಿಲಲ್ಲಿ ಕಟ್ಟಿದರು. ಸ್ಮಾರಕದ ಮುಂದೆ ನನ್ನ ಕಣ್ಣು ತುಂಬಿದ್ದು ಸುಮ್ಮನೆ ಅಲ್ಲ. ಹ್ಯೂಗನಾಟರಿಗೆ ಆದದ್ದು ನಮಗೂ ಆಗಿದೆ.

ಅದಕ್ಕೇ ನನ್ನ ವಿನಂತಿ ಇಷ್ಟು. ಮಕ್ಕಳು ಪ್ರೀತಿಯಿಂದ ಇಂಥ ಪ್ರವಾಸಕ್ಕೆ ಕರೆದರೆ, ಕೇಪ್ ಇರಲಿ, ನಾಸಿಕ ಇರಲಿ, ನಮ್ಮ ನಂದಿಬೆಟ್ಟದ ತಪ್ಪಲು ಇರಲಿ, ಹೋಗುವವರು ಹೋಗಿ. ಆದರೆ ಗೈಡಿಗೆ ನಾಲ್ಕು ಪ್ರಶ್ನೆ ಕೇಳಿ. ಕೊಯ್ಯುವವರು ಯಾರು? ದಿನಗೂಲಿ ಎಷ್ಟು? ಅವರ ಮನೆ ಎಲ್ಲಿ? ಹೊಲದಲ್ಲಿ ಅವರಿಗೆ ನೀರು, ಶೌಚಾಲಯ ಇದೆಯೇ? ಖಾಸಗಿ ಪ್ರವಾಸದಲ್ಲಿ ನೀವು ಕೇಳಿದ್ದನ್ನು ತೋರಿಸುತ್ತಾರೆ, ಅದಕ್ಕೇ ನೀವು ಹಣ ಕೊಟ್ಟಿದ್ದೀರಿ. ಉತ್ತರ ಕೊಡದ ತೋಟದಿಂದ ಎದ್ದು ಬನ್ನಿ. ವ್ಯಸನಮುಕ್ತಿಯ ಸಭೆ ನಡೆಸುವ ಮಠಗಳೂ ವೇದಿಕೆಯ ಮೇಲಿನ ದಾನಿಗಳಿಗೆ ಇವೇ ನಾಲ್ಕು ಪ್ರಶ್ನೆ ಕೇಳಲಿ. ಎಲ್ಲಕ್ಕಿಂತ ಮೊದಲು ನಮ್ಮ ನಮ್ಮ ಹೊಲದ ಬದುವಿನಲ್ಲಿ ನಿಂತು ಕೇಳಿಕೊಳ್ಳೋಣ.

ಸಂಜೆ ನಮ್ಮನ್ನು ಮನೆಗೆ ಬಿಟ್ಟು ಹೋಗುವಾಗ ಗೈಡ್ ನನ್ನ ಕೈ ಹಿಡಿದು, ಇಷ್ಟು ವರ್ಷದಲ್ಲಿ ಅಜ್ಜನ ಬಗ್ಗೆ ಕೇಳಿದ ಪ್ರವಾಸಿ ನೀವೇ ಮೊದಲಿಗರು ಎಂದ. ಅವನು ಹೊಗಳಿಕೆಯೆಂದು ಹೇಳಿದ. ನನಗೆ ನಾಚಿಕೆಯಾಯಿತು. ಅವನಿಗೆ ಕೇಳಿದ ಪ್ರಶ್ನೆಯನ್ನು ನಲವತ್ತು ವರ್ಷದ ಹಿಂದೆ ನನ್ನ ಕಾಲುವೆಯ ದಂಡೆಯ ಮೇಲೆ ಕೇಳಬೇಕಿತ್ತು.