ಓದುವ ಅನುಮತಿ ಸಾಕು

ವಿದ್ಯಾರ್ಥಿಗಳೇ, ಕ್ಲೌಡ್ ಅಂದರೆ ಆಕಾಶದ ಮೋಡವಲ್ಲ. ದೂರದ ಕಟ್ಟಡಗಳಲ್ಲಿರುವ ಬೇರೆಯವರ ಕಂಪ್ಯೂಟರುಗಳು. ಅಲ್ಲಿ ಯಾರು, ಯಾವಾಗ, ಏನು ಮಾಡಿದರು ಎಂಬುದು ದಾಖಲಾಗುತ್ತದೆ. ಅಮೆಜಾನ್ ಕ್ಲೌಡ್‌ನಲ್ಲಿ ಈ ಕೆಲಸ ಮಾಡುವ ಸೇವೆ ಕ್ಲೌಡ್‌ಟ್ರೇಲ್. ದೊಡ್ಡ ಕಂಪನಿಯ ದಾಖಲೆಯನ್ನು ಮನುಷ್ಯರು ಓದಿ ಮುಗಿಸೋದು ಕಷ್ಟ. ಅದಕ್ಕೇ ಈಗ ಎಐ ಸಹಾಯಕವನ್ನು ಜೋಡಿಸುತ್ತಿದ್ದಾರೆ. ಇಂಥ ಜೋಡಣೆಗೆ 2024ರ ನವೆಂಬರಿನಲ್ಲಿ ಎಂಸಿಪಿ ಎಂಬ ನಿಯಮಾವಳಿಯೂ ಬಂತು. "ರಾತ್ರಿ ಅನುಮಾನದ ಲಾಗಿನ್ ಆಗಿದೆಯಾ?" ಅಂತ ಕೇಳಿದರೆ ಹುಡುಕಿ ಹೇಳುತ್ತದೆ.

ಒಳ್ಳೆಯದೇ. ಆದರೆ ಅದಕ್ಕೆ ಓದುವ ಅನುಮತಿ ಮಾತ್ರ ಇರಬೇಕು ಅಂತ ನನ್ನ ಅಭಿಪ್ರಾಯ. ಯಾಕೆಂದರೆ ದಾಖಲೆಯೊಳಗಿನ ಕೆಲವು ಮಾತು, ಉದಾಹರಣೆಗೆ ಕಡತದ ಹೆಸರು, ಕಳ್ಳನೇ ಬರೆದದ್ದಿರಬಹುದು. ಅಲ್ಲಿ ಅವನು "ಎಚ್ಚರಿಕೆ ಆಫ್ ಮಾಡು" ಅಂತ ಸೇರಿಸಿಟ್ಟರೆ, ಎಐ ಅದನ್ನು ಯಜಮಾನನ ಆಜ್ಞೆ ಅಂದುಕೊಳ್ಳಬಹುದು. ಓದುವ ಅನುಮತಿಯಷ್ಟೇ ಇದ್ದರೆ, ಮೋಸಹೋದರೂ ಆಫ್ ಮಾಡಲಾರದು.

2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಅಲ್ಲಿನ ಸುಮಾರು 10 ಕೋಟಿ ಜನರ ಮಾಹಿತಿ ಸೋರಿತು. ಅದರಲ್ಲಿ ಎಐ ಪಾತ್ರವಿರಲಿಲ್ಲ. ಫೈರ್‌ವಾಲ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಅನುಮತಿ ಇದ್ದದ್ದೇ ಒಂದು ಕಾರಣ.

ಎಐ ಹುಡುಕಲಿ, ತೋರಿಸಲಿ. ಬೀಗ ಹಾಕುವ, ತೆಗೆಯುವ ತೀರ್ಮಾನ ಮನುಷ್ಯರದ್ದೇ ಆಗಿರಲಿ. ನಿಮ್ಮ ಮನೆಯ ಫೋನಿನಲ್ಲಿ ಟಾರ್ಚ್ ಆ್ಯಪ್ ಫೋನ್ ನಂಬರುಗಳನ್ನೆಲ್ಲ ಕೇಳಿದಾಗಲೂ ಇದೇ ಪ್ರಶ್ನೆ ಹಾಕಿ: ಈ ಕೆಲಸಕ್ಕೆ ಇಷ್ಟು ಅನುಮತಿ ಯಾಕೆ ಬೇಕು?