ಅಂತರ್ಜಾಲದ ವಿಜ್ಞಾನವೂ ಕನ್ನಡದ ವಿದ್ಯಾರ್ಥಿಯೂ

ಪ್ರೌಢಶಾಲೆಯ ಮತ್ತು ಪದವಿಪೂರ್ವ ತರಗತಿಯ ವಿದ್ಯಾರ್ಥಿಗಳಿಗೆ ವಿಜ್ಞಾನವನ್ನು ಕಲಿಸುವುದಕ್ಕಾಗಿ ಇಂದು ಅಂತರ್ಜಾಲದಲ್ಲಿರುವಷ್ಟು ಸಾಮಗ್ರಿಯು ಹಿಂದಿನ ಯಾವ ಕಾಲದಲ್ಲಿಯೂ ಯಾವ ಅರಸುಮಕ್ಕಳಿಗೂ ದೊರೆತಿರಲಿಲ್ಲವೆಂಬುದು ನಿರ್ವಿವಾದವಾದ ಮಾತು. ಅಣುವಿನ ರಚನೆಯಾಗಲಿ, ಹೃದಯದ ಬಡಿತವಾಗಲಿ, ಗ್ರಹಗಳ ಚಲನೆಯಾಗಲಿ, ಎಲ್ಲವೂ ಅಂಗೈಯಲ್ಲಿರುವ ಮೊಬೈಲಿನೊಳಗೆ ಚಿತ್ರರೂಪವಾಗಿ ಕಾಣಿಸುತ್ತವೆ. ಆದರೆ ಈ ಭಾಂಡಾರದ ಬಾಗಿಲು ಯಾವ ಭಾಷೆಯಲ್ಲಿ ತೆರೆಯುತ್ತದೆ, ಒಳಹೊಕ್ಕ ಕನ್ನಡದ ವಿದ್ಯಾರ್ಥಿಯು ಏನನ್ನು ಕೈಯಲ್ಲಿ ಹಿಡಿದು ಹೊರಬರುತ್ತಾನೆ ಎಂಬ ಪ್ರಶ್ನೆಯನ್ನು ನಮ್ಮ ಶಿಕ್ಷಣಾಧಿಕಾರಿಗಳಾಗಲಿ, ಸುಶಿಕ್ಷಿತ ನಾಗರಿಕರಾಗಲಿ ಸಾಕಷ್ಟು ಗಂಭೀರವಾಗಿ ವಿಚಾರಿಸಿದಂತೆ ತೋರುವುದಿಲ್ಲ.

ಯಂತ್ರದ ಮೂಲಕ ಪಾಠ ಹೇಳುವ ಪ್ರಯತ್ನವು ನಮ್ಮ ನಾಡಿಗೆ ಹೊಸದಲ್ಲ. 1975ರ ಆಗಸ್ಟಿನಿಂದ ಒಂದು ವರ್ಷಕಾಲ ನಡೆದ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳು ಸೇರಿದ್ದವು. ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದು, ಅಲ್ಲಿಗೆ ಕನ್ನಡದಲ್ಲಿಯೇ ಕಾರ್ಯಕ್ರಮಗಳು ಬರುತ್ತಿದ್ದವು. ಉಪಾಧ್ಯಾಯರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ಅದೇ ಮಾರ್ಗವಾಗಿ ನಡೆಯಿತು. ವರ್ಷ ಮುಗಿಯಿತು, ಉಪಗ್ರಹವು ಅದನ್ನು ಕೊಟ್ಟಿದ್ದ ದೇಶಕ್ಕೆ ಮರಳಿತು, ಪ್ರಯೋಗವೂ ನಿಂತಿತು. 2004ರಲ್ಲಿ ಶಿಕ್ಷಣಕ್ಕಾಗಿಯೇ ಎಡ್ಯುಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಲಾಯಿತು; ಚಾಮರಾಜನಗರ ಜಿಲ್ಲೆಯ ಶಾಲೆಗಳು ಅದರ ಪಾಠಗಳನ್ನು ಕಂಡವು. ಆ ಉಪಗ್ರಹದ ಆಯುಷ್ಯವು 2010ರಲ್ಲಿ ತೀರಿತು. 2020ರ ಮಾರ್ಚಿಯಲ್ಲಿ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯ ಮೂಲಕ ಪಾಠಗಳನ್ನು ಅವಸರದಿಂದ ಸಿದ್ಧಪಡಿಸಬೇಕಾಗಿ ಬಂದಿತು. ಐವತ್ತು ವರ್ಷಗಳ ಈ ಅನುಭವದಿಂದ ನಾವು ಕಲಿಯಬೇಕಾದ ಪಾಠವು ಒಂದೇ: ಯಂತ್ರಗಳು ಬರುತ್ತವೆ, ಹೋಗುತ್ತವೆ, ನಮ್ಮ ಭಾಷೆಯಲ್ಲಿ ಕೂಡಿಟ್ಟ ಪಾಠಸಂಪತ್ತು ಮತ್ತು ಅದನ್ನು ಬಳಸಬಲ್ಲ ಉಪಾಧ್ಯಾಯ, ಇವೆರಡೇ ಉಳಿಯತಕ್ಕವು. ಇವೆರಡನ್ನೇ ನಾವು ಪ್ರತಿ ಸಲವೂ ಕಡೆಗಣಿಸಿದ್ದೇವೆ.

ಈಗ ಏನೂ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಕೇಂದ್ರ ಸರಕಾರವು 2017ರಲ್ಲಿ ಆರಂಭಿಸಿದ ದೀಕ್ಷಾ ಜಾಲತಾಣದಲ್ಲಿ ಕನ್ನಡ ಪಾಠಗಳುಂಟು. ನೊಬೆಲ್ ಪಾರಿತೋಷಕವನ್ನು ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ನರು 2002ರಲ್ಲಿ ಅಮೇರಿಕೆಯ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಹುಟ್ಟುಹಾಕಿದ ಫೆಟ್ ಎಂಬ ಪ್ರಯೋಗಮಾಲಿಕೆಯು ಎಲ್ಲರಿಗೂ ಉಚಿತವಾಗಿದೆ. ಅದರಲ್ಲಿ ವಿದ್ಯಾರ್ಥಿಯು ವಿದ್ಯುನ್ಮಂಡಲದ ರೋಧವನ್ನು ತಾನೇ ಹೆಚ್ಚಿಸಿ ಪ್ರವಾಹವು ಕಡಿಮೆಯಾಗುವುದನ್ನು ಕಣ್ಣಾರೆ ಕಾಣಬಹುದು. ಒಮ್ಮೆ ಇಳಿಸಿಕೊಂಡರೆ ಜಾಲದ ಸಂಪರ್ಕವಿಲ್ಲದ ಊರಿನಲ್ಲಿಯೂ ಬಳಸಬಹುದು. ಅವುಗಳಲ್ಲಿ ಹಲವು ಕನ್ನಡಕ್ಕೂ ಬಂದಿವೆ. ಅರವಿಂದ ಗುಪ್ತರು ಬೆಂಕಿಪೆಟ್ಟಿಗೆ, ಸೈಕಲ್ ಟ್ಯೂಬು, ಹಳೆಯ ಕಾಗದಗಳಿಂದ ವಿಜ್ಞಾನದ ಆಟಿಕೆಗಳನ್ನು ಮಾಡಿ ತೋರಿಸುವ ಚಿತ್ರಪಾಠಗಳನ್ನು ಹಲವು ದೇಶಭಾಷೆಗಳಲ್ಲಿ ಧರ್ಮಾರ್ಥವಾಗಿ ಒದಗಿಸಿದ್ದಾರೆ. ಕನ್ನಡದಲ್ಲಿಯೇ ಹುಟ್ಟಿದ ಇಜ್ಞಾನ ಜಾಲತಾಣವು 2007ರಿಂದ ಕೆಲಸ ಮಾಡುತ್ತಲಿದೆ. ಇವೆಲ್ಲವೂ ಸ್ತುತ್ಯವೇ ಸರಿ. ಆದರೆ ಕೆಲವು ಉತ್ಸಾಹಿಗಳ ಶ್ರಮದಾನದಿಂದ ಒಂದು ನಾಡಿನ ವಿಜ್ಞಾನಶಿಕ್ಷಣವು ನಡೆಯಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ.

ಕೊರತೆಯು ಎಲ್ಲಿಯದೆಂಬುದನ್ನು ಹತ್ತನೆಯ ತರಗತಿಯನ್ನು ದಾಟಿದ ವಿದ್ಯಾರ್ಥಿಯನ್ನು ಕೇಳಿದರೆ ತಿಳಿಯುವುದು. ಕನ್ನಡ ಮಾಧ್ಯಮದಲ್ಲಿ ಜಡತ್ವ, ಸಂವೇಗ, ವೇಗೋತ್ಕರ್ಷಗಳನ್ನು ಚೆನ್ನಾಗಿ ತಿಳಿದು ತೇರ್ಗಡೆಯಾದ ಹುಡುಗಿಯೊಬ್ಬಳು ಪದವಿಪೂರ್ವ ವಿಜ್ಞಾನ ತರಗತಿಗೆ ಹೋದ ದಿನವೇ ಇನರ್ಷಿಯಾ, ಮೊಮೆಂಟಮ್, ಆಕ್ಸಲರೇಷನ್ ಎಂಬ ಶಬ್ದಗಳನ್ನು ಕೇಳುತ್ತಾಳೆ. ತಾನು ಬಲ್ಲ ವಿಷಯವೇ ಹೊಸ ವೇಷದಲ್ಲಿ ಬಂದಿದೆಯೆಂದು ಆಕೆಗೆ ಹೇಳುವವರು ಯಾರೂ ಇಲ್ಲ. ಮನೆಗೆ ಬಂದು ಮೊಬೈಲನ್ನು ತೆರೆದರೆ ಅಲ್ಲಿಯೂ ಆಂಗ್ಲವೇ. ಆಕೆಯು ವಿಜ್ಞಾನದಲ್ಲಿ ಹಿಂದೆ ಬೀಳುವುದಿಲ್ಲ, ಭಾಷೆಯಲ್ಲಿ ಹಿಂದೆ ಬೀಳುತ್ತಾಳೆ. ಆದರೆ ಅಂಕಪಟ್ಟಿಯಲ್ಲಿ ದಾಖಲಾಗುವುದು ವಿಜ್ಞಾನದ ಸೋಲು. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನೂ, 2021ರಿಂದ ಜೆಇಇ ಮುಖ್ಯ ಪರೀಕ್ಷೆಯನ್ನೂ ಕನ್ನಡದಲ್ಲಿ ಬರೆಯುವ ಅವಕಾಶವನ್ನು ಕೊಟ್ಟಿರುವರು. ಪರೀಕ್ಷೆಗೆ ಕನ್ನಡವನ್ನು ಕೊಟ್ಟು ಅಭ್ಯಾಸಕ್ಕೆ ಕನ್ನಡವನ್ನು ಕೊಡದಿರುವುದು, ದೋಣಿಯಿಲ್ಲದವನಿಗೆ ಹೊಳೆ ದಾಟುವ ಅಪ್ಪಣೆ ಕೊಟ್ಟಂತೆ ಅಲ್ಲವೆ?

ಕನ್ನಡದಲ್ಲಿ ವಿಜ್ಞಾನಕ್ಕೆ ಶಬ್ದಗಳಿಲ್ಲವೆಂಬ ಹಳೆಯ ಆಕ್ಷೇಪವನ್ನು ಇಂದಿಗೂ ಕೆಲವರು ಎತ್ತುವುದುಂಟು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದ್ದು 1918ರಲ್ಲಿ. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಬರೆದದ್ದು 1936ರಲ್ಲಿ. ಅನಂತರ ಜೆ. ಆರ್. ಲಕ್ಷ್ಮಣರಾಯರು, ಜಿ. ಟಿ. ನಾರಾಯಣರಾಯರು ಮೊದಲಾದವರು ತಮ್ಮ ಆಯುಷ್ಯವನ್ನೇ ಈ ಕಾರ್ಯಕ್ಕಾಗಿ ಸವೆಸಿದರು. ಶಬ್ದಗಳ ಅಭಾವವಿಲ್ಲ, ಇದ್ದ ಶಬ್ದಗಳನ್ನು ಇಂದಿನ ಮಕ್ಕಳು ನೋಡುವ ಸ್ಥಳಕ್ಕೆ ತಂದು ಇರಿಸುವ ಸಂಕಲ್ಪದ ಅಭಾವವುಂಟು. ಮುಂದೆ ಆಂಗ್ಲವು ಬೇಕೇ ಬೇಕೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅರ್ಥವು ಮೊದಲು ತಾಯ್ನುಡಿಯಲ್ಲಿ ಬೇರೂರಿದರೆ ಪರಭಾಷೆಯ ಶಬ್ದವನ್ನು ಅದಕ್ಕೆ ಕಸಿಮಾಡುವುದು ಕಷ್ಟವಲ್ಲ. ವಿಜ್ಞಾನ ಗಣಿತಗಳಿಗೆ ಉತ್ತಮವಾದ ದ್ವಿಭಾಷಾ ಪಾಠಸಾಮಗ್ರಿಯು ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣನೀತಿಯೇ ಹೇಳಿದೆ.

ಈ ಕಾರ್ಯವನ್ನು ವ್ಯಾಪಾರಿಗಳಿಗೆ ಬಿಟ್ಟುಕೊಡಬಹುದೆಂಬ ವಾದಕ್ಕೂ ಉತ್ತರವು ದೊರೆತಿದೆ. ಬೆಂಗಳೂರಿನ ಬೈಜೂಸ್ ಸಂಸ್ಥೆಯು 2022ರಲ್ಲಿ 2200 ಕೋಟಿ ಡಾಲರುಗಳ ಬೆಲೆಯುಳ್ಳದ್ದೆಂದು ಎಣಿಸಲ್ಪಟ್ಟಿತ್ತು. 2024ರ ಜುಲೈಯಲ್ಲಿ ದಿವಾಳಿ ಕಾಯಿದೆಯ ವಿಚಾರಣೆಗೆ ಗುರಿಯಾಯಿತು. ಹಣವಿದ್ದವರ ಮಕ್ಕಳಿಗೆ ಪರೀಕ್ಷೆಯ ಉಪಾಯಗಳನ್ನು ಮಾರುವುದು ವ್ಯಾಪಾರವಾದೀತು. ಬಡವರ ಮಕ್ಕಳಲ್ಲಿ ವಿಜ್ಞಾನಬುದ್ಧಿಯನ್ನು ಬೆಳೆಸುವುದು ರಾಷ್ಟ್ರಕಾರ್ಯವು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಸಾರ್ವಜನಿಕರ ಹಣದಿಂದ ಸಿದ್ಧವಾದ ಪ್ರತಿಯೊಂದು ವಿಜ್ಞಾನಪಾಠವೂ ಎಲ್ಲರೂ ಇಳಿಸಿಕೊಳ್ಳಲು, ತಿದ್ದಲು, ಹಂಚಲು ಮುಕ್ತವಾಗಿರಬೇಕು. ಎರಡನೆಯದಾಗಿ, ಎಂಟರಿಂದ ಹನ್ನೆರಡನೆಯ ತರಗತಿಯವರೆಗಿನ ಪಾಠಗಳು ಕನ್ನಡದ ಪಾರಿಭಾಷಿಕ ಶಬ್ದವನ್ನೂ ಆಂಗ್ಲಶಬ್ದವನ್ನೂ ಜೊತೆಜೊತೆಯಾಗಿ ಇಟ್ಟುಕೊಂಡು ಸಿದ್ಧವಾಗಬೇಕು. ಇದನ್ನು ವಿಶ್ವವಿದ್ಯಾನಿಲಯಗಳ ವಿಜ್ಞಾನಿಗಳೂ ಅನುಭವಿಗಳಾದ ಪ್ರೌಢಶಾಲೆಯ ಉಪಾಧ್ಯಾಯರೂ ಕೂಡಿಯೇ ಮಾಡಬೇಕು, ಮತ್ತು ಅವರಿಗೆ ತಕ್ಕ ಸಂಭಾವನೆಯು ಸಲ್ಲಬೇಕು. ಮೂರನೆಯದಾಗಿ, ಸ್ವಂತ ಮೊಬೈಲಿಲ್ಲದ ವಿದ್ಯಾರ್ಥಿಗಾಗಿ ಈ ಸಾಮಗ್ರಿಯು ಗ್ರಾಮ ಪಂಚಾಯತಿಗಳ ಅರಿವು ಕೇಂದ್ರಗಳಲ್ಲಿ ಜಾಲದ ಹಂಗಿಲ್ಲದೆ ದೊರೆಯುವಂತಾಗಬೇಕು. ನಾಲ್ಕನೆಯದಾಗಿ, ಪ್ರತಿ ಪಾಠದ ಕೊನೆಗೆ ಕೈಯಿಂದ ಮಾಡತಕ್ಕ ಒಂದು ಪ್ರಯೋಗವಿರಬೇಕು. ನೋಡಿ ತಲೆದೂಗುವುದರಿಂದ ವಿಜ್ಞಾನವು ಬರುವುದಿಲ್ಲ. ಲೋಲಕವನ್ನು ತಾನೇ ಕಟ್ಟಿ ತೂಗಿ ಎಣಿಸಿದವನಿಗೆ ಅದು ಬರುವುದು.

ಪಟ್ಟಣಗಳ ಸುಶಿಕ್ಷಿತರ ಹೊಣೆಯೂ ಇಲ್ಲಿ ಕಡಿಮೆಯಿಲ್ಲ. ನಿವೃತ್ತ ಅಧ್ಯಾಪಕರು, ಇಂಜಿನಿಯರರು, ವೈದ್ಯರು ತಿಂಗಳಿಗೊಂದು ಪಾಠವನ್ನು ಕನ್ನಡಕ್ಕೆ ತಂದರೂ ಕೆಲವೇ ವರ್ಷಗಳಲ್ಲಿ ಒಂದು ಗ್ರಂಥಾಲಯವೇ ಆದೀತು.

ಸರ್ ಸಿ. ವಿ. ರಾಮನ್ನರು ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದದ್ದು 1928ರ ಫೆಬ್ರವರಿ 28ರಂದು. ಆ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವೆಂದು ನಾವು ಪ್ರತಿವರ್ಷವೂ ಭಾಷಣಗಳಿಂದ ಆಚರಿಸುತ್ತಲಿದ್ದೇವೆ. 2028ಕ್ಕೆ ಆ ಶೋಧಕ್ಕೆ ನೂರು ವರ್ಷಗಳು ತುಂಬುತ್ತವೆ. ಅಷ್ಟರೊಳಗಾಗಿ ಮೇಲೆ ಹೇಳಿದ ಪಾಠಗಳೆಲ್ಲವೂ ಕನ್ನಡದ ಮಕ್ಕಳ ಕೈಗೆ ಸೇರುವಂತೆ ಸರಕಾರದವರು ಗಡುವನ್ನು ಗೊತ್ತುಮಾಡಿ, ಹಣವನ್ನು ತೆಗೆದಿರಿಸಿ, ಹೊಣೆಗಾರರನ್ನು ನೇಮಿಸಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಶತಮಾನೋತ್ಸವದ ಹಾರತುರಾಯಿಗಳು ಆಮೇಲೆ ಬರಲಿ.