ಕಾರ್ಯಾಗಾರ ಮುಗಿದ ಮೇಲೆ ಯಾರಿರ್ತಾರೆ?

ರಾಜ್ಯೋತ್ಸವ ಹತ್ತಿರ ಬಂತು ಅಂದರೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದು ಸಲಹೆ ತಪ್ಪದೆ ಬರುತ್ತದೆ: "ಈ ಸಲ ವಿಕಿಪೀಡಿಯ ಕಾರ್ಯಾಗಾರ ಮಾಡೋಣ." ಈ ವರ್ಷ ಅದಕ್ಕೊಂದು ಗುರಿಯೂ ಸೇರಿಕೊಂಡಿದೆ. ಒಂದೇ ದಿನದಲ್ಲಿ ನೂರು ಲೇಖನ. ಇಂಗ್ಲಿಷ್ ಲೇಖನವನ್ನು ಯಂತ್ರಕ್ಕೆ ಕೊಡೋದು, ಬಂದ ಕನ್ನಡವನ್ನು ಅಲ್ಲಿ ಇಲ್ಲಿ ತಿದ್ದೋದು, ಏರಿಸೋದು, ಸಂಜೆ ಬಿಸಿಬೇಳೆಬಾತ್, ಗ್ರೂಪ್ ಫೋಟೋ. ಬಿಸಿಬೇಳೆಬಾತಿಗೆ ನಮ್ಮ ತಕರಾರಿಲ್ಲ. ಉಳಿದದ್ದಕ್ಕೆ ಇದೆ.

ನಾವು ಅಂದರೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ, ಎಲ್ಲರ ಬಾಯಲ್ಲಿರುವಂತೆ ಡಿಐಪಿಯಲ್ಲಿ, ಒಂದೇ ಫ್ಲ್ಯಾಟ್ ಹಂಚಿಕೊಂಡಿರುವ ನಾಲ್ವರು. ನಮ್ಮ ಮಾತಿಗೆ ಕಾರಣ ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಸಿಕ್ಕಿತು. ಅಲ್ಲಿರುವ ಈಜಿಪ್ಟಿನ ಸಹಪಾಠಿಯೊಬ್ಬ ಅರಬ್ಬಿ ವಿಕಿಪೀಡಿಯದ ಹಳೆಯ ಸಂಪಾದಕ. ಹೋದ ಸೆಮಿಸ್ಟರಿನಲ್ಲಿ ಅವನು ಆರು ಜನ ಹೊಸಬರನ್ನು ಕೂರಿಸಿಕೊಂಡು ಶನಿವಾರ ಶನಿವಾರ ತರಬೇತಿ ಕೊಟ್ಟ. ಸುಡಾನಿನವರು, ಜೋರ್ಡನ್ನಿನವರು, ಸಿರಿಯಾದ ಒಬ್ಬ. ನಾವು ಮೊದಲ ದಿನ ಹೋದದ್ದು ಸುಲೈಮಾನಿ ಚಹಾದ ಆಸೆಗೆ. ಆಮೇಲೆ ಬಿಡದೆ ಹೋದೆವು. ಭಾಷೆ ಅರ್ಧ ಅರ್ಥವಾಗದಿದ್ದರೂ ಅವನು ಏನು ಮಾಡಿಸುತ್ತಿದ್ದಾನೆ ಅನ್ನೋದು ಚೆನ್ನಾಗಿ ಅರ್ಥವಾಗುತ್ತಿತ್ತು.

ಮೊದಲ ಶನಿವಾರ ಯಾರೂ ಲೇಖನ ಬರೆಯಲಿಲ್ಲ. ಪ್ರತಿಯೊಬ್ಬರೂ ತಮ್ಮ ಓದಿಗೆ ಸಂಬಂಧಪಟ್ಟ ಒಂದು ಪುಟ ತೆಗೆಯಬೇಕು, ಆಧಾರವಿಲ್ಲದ ಒಂದು ವಾಕ್ಯ ಹುಡುಕಬೇಕು, ಅದಕ್ಕೊಂದು ನಂಬಬಹುದಾದ ಪುಸ್ತಕವನ್ನೋ ವರದಿಯನ್ನೋ ಉಲ್ಲೇಖವಾಗಿ ಸೇರಿಸಬೇಕು. ಅಷ್ಟೇ. ಎರಡು ಗಂಟೆ ಹಿಡಿಯಿತು. ಒಬ್ಬನಿಗೆ ಆಧಾರ ಸಿಗಲೇ ಇಲ್ಲ, ಹುಡುಕುತ್ತಾ ಹೋದಾಗ ವಾಕ್ಯವೇ ತಪ್ಪು ಅಂತ ಗೊತ್ತಾಯಿತು. ಅವನ ಮುಖ ನೋಡಬೇಕಿತ್ತು. ವಿಶ್ವಕೋಶ ಅಂದರೆ ಏನು ಅನ್ನೋದು ಆ ಹುಡುಗನಿಗೆ ಆ ಒಂದು ವಾಕ್ಯದಲ್ಲಿ ತಿಳಿದಷ್ಟು ಯಾವ ಸ್ಲೈಡ್ ಶೋನಲ್ಲೂ ತಿಳಿಯುತ್ತಿರಲಿಲ್ಲ.

ಎರಡನೆಯ ವಾರ ಜಗಳ. ಗಾಡಿಗೆ ಹಾಕುವ ಪೆಟ್ರೋಲಿಗೆ ಈಜಿಪ್ಟಿನವರು, ಸಿರಿಯಾದವರು ಬೆಂಜೀನ್ ಅನ್ನುತ್ತಾರೆ, ಇಲ್ಲಿ ಗಲ್ಫಿನಲ್ಲಿ ಬಿತ್ರೋಲ್. ಜನವರಿ ತಿಂಗಳು ಈಜಿಪ್ಟಿನಲ್ಲಿ ಯನಾಯಿರ್, ಸಿರಿಯಾದಲ್ಲಿ ಕಾನೂನ್ ಅಸ್ಸಾನಿ, ಅಲ್ಜೀರಿಯಾದಲ್ಲಿ ಜಾನ್‌ಫಿ. ಎಲ್ಲರಿಗೂ ಶಾಲೆಯಲ್ಲಿ ಕಲಿಸಿದ ಗ್ರಂಥಸ್ಥ ಅರಬ್ಬಿ ಒಂದೇ ಆದರೂ ಇಂಥ ಕಡೆ ಒಂದಾಗೋದಿಲ್ಲ. ನಮ್ಮವ ತೀರ್ಪು ಕೊಡಲಿಲ್ಲ. ಆ ಲೇಖನದ ಚರ್ಚಾಪುಟ ತೆಗೆಸಿ ಅಲ್ಲೇ ವಾದ ಬರೆಯಿಸಿದ. ನಮಗೆ ನಗು ಬಂತು, ಯಾಕೆಂದರೆ ನಮ್ಮ ಫ್ಲ್ಯಾಟಿನಲ್ಲೂ ಮಂಡಕ್ಕಿ, ಚುರುಮುರಿ, ಪುರಿ ಅಂತ ಇದೇ ಜಗಳ ದಿನಾ ನಡೆಯುತ್ತದೆ. ದಾವಣಗೆರೆಯವನು ಇನ್ನೂ ಸೋಲೊಪ್ಪಿಲ್ಲ.

ಮೂರನೆಯ ವಾರ ಅನುವಾದ. ನಿಯಮ ಒಂದೇ: ಇಂಗ್ಲಿಷ್ ಪ್ಯಾರಾ ಓದಿ ಲ್ಯಾಪ್‌ಟಾಪ್ ಮುಚ್ಚು, ಪಕ್ಕದವನಿಗೆ ಅದನ್ನು ಬಾಯಲ್ಲಿ ಹೇಳು, ಅವನಿಗೆ ಅರ್ಥವಾದರೆ ಬರೆ, ಆಮೇಲೆ ಮೂಲದ ಜೊತೆ ಹೋಲಿಸು.

ಆದರೆ ನಮಗೆ ನಾಟಿದ್ದು ಇದ್ಯಾವುದೂ ಅಲ್ಲ, ನಾಲ್ಕನೆಯ ವಾರದ ನಡುವೆ ನಡೆದದ್ದು. ಸುಡಾನಿನ ಹುಡುಗಿಯೊಬ್ಬಳು ಬರೆದ ಮೊದಲ ಲೇಖನಕ್ಕೆ ಯಾರೋ ಅಳಿಸಬೇಕೆಂಬ ಫಲಕ ಹಾಕಿದರು. ಮಂಗಳವಾರ ರಾತ್ರಿ, ಅವಳಿಗೆ ಮರುದಿನ ಪರೀಕ್ಷೆ. ಗುಂಪಿನಲ್ಲಿ ಅವಳು ಬರೆದದ್ದು ಎರಡೇ ಪದ: ನಾನು ಬಿಟ್ಟೆ. ಹತ್ತು ನಿಮಿಷದಲ್ಲಿ ಇವನು ಫೋನ್ ಮಾಡಿದ. ಯಾರು ಹಾಕಿದ್ದು, ಯಾಕೆ ಹಾಕಿದ್ದು, ಎಲ್ಲಿ ಉತ್ತರಿಸಬೇಕು, ಯಾವ ಎರಡು ಆಧಾರ ಸೇರಿಸಿದರೆ ಸಾಕು ಎಂದು ಹೇಳಿದ. ತಾನು ಮಾಡಿಕೊಡಲಿಲ್ಲ, ಅವಳ ಕೈಯಲ್ಲೇ ಮಾಡಿಸಿದ. ಲೇಖನ ಉಳಿಯಿತು, ಅವಳೂ ಉಳಿದಳು. ನಮ್ಮದು ಒಂದು ದಿನದ ಕಾರ್ಯಾಗಾರವಾಗಿದ್ದರೆ ಆ ಮಂಗಳವಾರ ರಾತ್ರಿ ಯಾರಿರುತ್ತಿದ್ದರು? ಬ್ಯಾನರ್ ಬಿಚ್ಚಿ ಮೂರು ವಾರ ಆಗಿರುತ್ತಿತ್ತು.

ಇದು ನಮ್ಮ ಕಟ್ಟಡದ ಕತೆ ಮಾತ್ರ ಅಲ್ಲ. ಇಂಜಿನಿಯರಿಂಗ್ ಓದಿದವರು ನೆನಪಿಡಬೇಕಾದ ಒಂದು ಪ್ರಸಂಗ ಪುಣೆಯಲ್ಲಿ ನಡೆದಿದೆ. 2011ರಲ್ಲಿ ವಿಕಿಮೀಡಿಯ ಫೌಂಡೇಶನ್ ಅಲ್ಲಿಯ ಕಾಲೇಜುಗಳಲ್ಲಿ, ಇಂಜಿನಿಯರಿಂಗ್ ಕಾಲೇಜೂ ಸೇರಿ, ದೊಡ್ಡ ಪ್ರಯೋಗ ಮಾಡಿತು. ನೂರಾರು ವಿದ್ಯಾರ್ಥಿಗಳು ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯಲು ಹೊರಟರು. ಆಗಿದ್ದೇನು? ಪಠ್ಯಪುಸ್ತಕದಿಂದ, ಜಾಲತಾಣಗಳಿಂದ ಎತ್ತಿ ಹಾಕಿದ ಪುಟಗಳು ರಾಶಿ ಬಿದ್ದವು. ಅಳಿಸಿ ಅಳಿಸಿ ಅಲ್ಲಿಯ ಹಳೆಯ ಸಂಪಾದಕರು ಸುಸ್ತಾದರು. ಅದೇ ವರ್ಷದ ಕೊನೆಗೆ ಪ್ರಯೋಗ ನಿಂತಿತು. ಹುಡುಗರು ಕಳ್ಳರಾಗಿರಲಿಲ್ಲ. ರೆಕಾರ್ಡ್ ಬುಕ್ಕನ್ನು ಸೀನಿಯರಿನದ್ದು ನೋಡಿ ಬರೆದು ಸಹಿ ಹಾಕಿಸಿಕೊಂಡು ಬೆಳೆದ ನಮಗೆ, ಎತ್ತಿ ಬರೆಯೋದು ತಪ್ಪು ಅಂತ ಯಾರು ಕೂರಿಸಿ ಹೇಳಿದ್ದರು? ಹೇಳುವವರ ಸಂಖ್ಯೆ ಕಡಿಮೆ, ಬರೆಯುವವರ ಸಂಖ್ಯೆ ಜಾಸ್ತಿ. ಲೆಕ್ಕ ಅಲ್ಲೇ ತಪ್ಪಿತ್ತು.

ಅದರ ಬೆನ್ನಿಗೇ, 2012ರಲ್ಲಿ, ಕೈರೋ ವಿಶ್ವವಿದ್ಯಾಲಯ ಮತ್ತು ಐನ್ ಶಮ್ಸ್ ವಿಶ್ವವಿದ್ಯಾಲಯದಲ್ಲಿ ಅರಬ್ಬಿಗಾಗಿ ಅಂಥದ್ದೇ ಕಾರ್ಯಕ್ರಮ ಶುರುವಾಯಿತು. ಈ ಸಲ ಕೆಲವೇ ತರಗತಿ, ಅವುಗಳಿಗೆ ಆಸಕ್ತಿಯಿದ್ದ ಪ್ರಾಧ್ಯಾಪಕರು, ಜೊತೆಗೆ ಸಂಪಾದನೆ ಗೊತ್ತಿದ್ದ ಸ್ವಯಂಸೇವಕರು. ಬರೆದದ್ದು ಸ್ವಂತ ಭಾಷೆಯಲ್ಲಿ. ಬರೆದವರಲ್ಲಿ ಹೆಚ್ಚಿನವರು ಹುಡುಗಿಯರು. ಅದು ನಿಂತಿತು, ಜೋರ್ಡನ್ನಿನಂಥ ಬೇರೆ ದೇಶಗಳಿಗೂ ಹಬ್ಬಿತು. 2019ರ ನವೆಂಬರಿನಲ್ಲಿ ಅರಬ್ಬಿ ವಿಕಿಪೀಡಿಯ ಹತ್ತು ಲಕ್ಷ ಲೇಖನ ದಾಟಿತು. ಕೈರೋದ ತರಗತಿಗಳಿಂದಲೇ ದಾಟಿತು ಅಂತ ನಾವು ಹೇಳುತ್ತಿಲ್ಲ, ಆ ಸಂಖ್ಯೆಯಲ್ಲಿ ಯಂತ್ರದ ಪಾಲೂ ಇದೆ. ಆದರೆ ಬಂದ ಹೊಸಬರು ಉಳಿದುಕೊಳ್ಳುವ ದಾರಿ ಅಲ್ಲಿ ಕಾಣುತ್ತದೆ.

ಬರೀ ಸಂಖ್ಯೆ ಬೇಕು ಅಂದರೆ ಅದಕ್ಕೂ ಅರಬ್ಬಿಯಲ್ಲೇ ಉದಾಹರಣೆ ಇದೆ. ಈಜಿಪ್ಟಿನ ಆಡುಭಾಷೆಗೆ ಮಸ್ರಿ ಅಂತ ಬೇರೆಯೇ ವಿಕಿಪೀಡಿಯ ಇದೆ. ಬಾಟ್‌ಗಳು ಏರಿಸಿದ ಎರಡು ಮೂರು ಸಾಲಿನ ಪುಟಗಳಿಂದ ಅದು ಲೇಖನಗಳ ಎಣಿಕೆಯಲ್ಲಿ ಅರಬ್ಬಿಯನ್ನೇ ಹಿಂದೆ ಹಾಕಿದೆ. ಮೇಲಿನ ಮನೆಯವನನ್ನು ಕೇಳಿದೆವು, "ನಿನ್ನದೇ ಭಾಷೆ ತಾನೆ, ಓದ್ತೀಯಾ?" ಅವನು ಚಹಾ ಬಗ್ಗಿಸುತ್ತಾ ತಲೆ ಅಲ್ಲಾಡಿಸಿದ.

ಕನ್ನಡಕ್ಕೂ ಈ ಔಷಧ ಒಮ್ಮೆ ಕುಡಿಸಿ ಆಗಿದೆ. 2010ರ ಹೊತ್ತಿಗೆ ಗೂಗಲ್ ತನ್ನ ಅನುವಾದ ಸಲಕರಣೆ ಬಳಸಿ, ದುಡ್ಡು ಕೊಟ್ಟು ಅನುವಾದಕರನ್ನು ಇಟ್ಟು, ಹಿಂದಿ, ತಮಿಳು, ತೆಲುಗು, ಕನ್ನಡ, ಅರಬ್ಬಿ ಮುಂತಾದ ವಿಕಿಪೀಡಿಯಗಳಿಗೆ ಇಂಗ್ಲಿಷ್ ಲೇಖನಗಳನ್ನು ತುಂಬಿಸಿತು. ಬಂಗಾಳಿಗಳು ಬೇಡವೆಂದರು. ತಮಿಳರು ಷರತ್ತು ಹಾಕಿದರು. ನಮ್ಮಲ್ಲಿ ಬಂದು ಕೂತವು. ಇವತ್ತಿಗೂ ಕನ್ನಡ ವಿಕಿಪೀಡಿಯದಲ್ಲಿ ಯಾವುದೋ ಅಮೆರಿಕದ ಗಾಯಕನ ಬಗ್ಗೆ ಮೈಲುದ್ದದ ಪುಟ ಸಿಕ್ಕರೆ ಆಶ್ಚರ್ಯಪಡಬೇಡಿ. ಕರ್ತೃಪದ ಮೊದಲ ಸಾಲಿನಲ್ಲಿ, ಕ್ರಿಯಾಪದ ನಾಲ್ಕನೆಯ ಸಾಲಿನಲ್ಲಿ, ನಡುವೆ ನಾವು ಉಸಿರು ಕಟ್ಟಿಕೊಂಡು. ಅವನ್ನು ತಿದ್ದುವುದು ಹೊಸತಾಗಿ ಬರೆಯುವುದಕ್ಕಿಂತ ಕಷ್ಟ ಅಂತ ಕೈ ಹಾಕಿದವರಿಗೆಲ್ಲ ಗೊತ್ತು.

"ಈಗಿನ ಯಂತ್ರ ಹಾಗಿಲ್ಲ ಕಣ್ರೋ" ಅನ್ನೋರು ಇದ್ದಾರೆ. ನಿಜ, ಹಾಗಿಲ್ಲ. ಕಟ್ಟಡ ತಂಪು ಮಾಡುವ ಕೂಲಿಂಗ್ ಪ್ಲಾಂಟನ್ನು ಹಿಂದಿನ ಯಂತ್ರ ತಂಪಾಗಿಸುವ ಸಸ್ಯ ಮಾಡಿದರೆ ಓದಿದವರು ನಕ್ಕು ಸರಿಪಡಿಸುತ್ತಿದ್ದರು. ಈಗಿನದ್ದು ನುಣ್ಣಗೆ ಬರೆಯುತ್ತದೆ. ತಪ್ಪೂ ನುಣ್ಣಗೇ ಇರುತ್ತದೆ. ಕನ್ನಡದ ಪುಟಗಳನ್ನು ಓದಿಯೇ ಕನ್ನಡ ಕಲಿಯುವ ಯಂತ್ರಗಳಿಗೆ ನಾವು ಯಂತ್ರದ ಕನ್ನಡವನ್ನೇ ಉಣಿಸಿದರೆ ಮುಂದಿನ ಸುತ್ತಿನಲ್ಲಿ ಏನು ಬರುತ್ತದೆ ಅನ್ನೋದನ್ನು ಫೀಡ್‌ಬ್ಯಾಕ್ ಲೂಪ್ ಓದಿದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ದೊಡ್ಡ ಭಾಷೆಗಳಲ್ಲಿ ನೂರು ಕೆಟ್ಟ ಪುಟ ಕರಗಿ ಹೋಗುತ್ತವೆ. 2003ರಲ್ಲಿ ಶುರುವಾಗಿ ಇಷ್ಟು ವರ್ಷಕ್ಕೆ ಮೂವತ್ತು ಸಾವಿರ ಚಿಲ್ಲರೆ ಲೇಖನವಿರುವ ಕನ್ನಡ ವಿಕಿಪೀಡಿಯದಲ್ಲಿ ಅವು ಕರಗೋದಿಲ್ಲ.

ಹಾಗಂತ ಕನ್ನಡದಲ್ಲಿ ಕೆಲಸ ಆಗಿಲ್ಲ ಅಂತಲ್ಲ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ 2013ರಿಂದ ಭಾಷಾ ತರಗತಿಯ ಮಕ್ಕಳು ಬರೆದಿದ್ದಾರೆ. ಕರಾವಳಿಯ ಕಾಲೇಜುಗಳಲ್ಲಿ ಯು.ಬಿ. ಪವನಜ ಅವರಂಥ ಹಿರಿಯರು ಊರೂರು ಸುತ್ತಿ ಕಲಿಸಿದ್ದಾರೆ. ತುಳು ವಿಕಿಪೀಡಿಯ ಎಂಟು ವರ್ಷ ಕಾವುಗೂಡಿನಲ್ಲಿ ಕಾದು 2016ರಲ್ಲಿ ಹೊರಬಂದದ್ದು ಹೀಗೆ ಪಟ್ಟುಹಿಡಿದು ಕೂತ ಕೆಲವೇ ಜನರಿಂದ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶದ ಸಂಪುಟಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ, ಆಧಾರ ಇಲ್ಲ ಅನ್ನುವ ನೆಪ ಎಷ್ಟೋ ವಿಷಯಕ್ಕೆ ನಡೆಯೋದಿಲ್ಲ. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟದ ಹೆಸರು ಅರಳಿಕಟ್ಟೆ. ಅರಬ್ಬಿಯಲ್ಲಿ ಅದು ಅಲ್ ಮೈದಾನ್. ನಮ್ಮ ಹೆಸರು ಹೆಚ್ಚು ಚೆಂದ, ಆದರೆ ಕಟ್ಟೆಯ ಮೇಲೆ ಜನ ಕಮ್ಮಿ. ಹೊಸಬ ಪ್ರಶ್ನೆ ಕೇಳಿದರೆ ಉತ್ತರಿಸಲು ಇರುವ ಕೆಲವರಿಗೆ ಊರಿನಲ್ಲಿ ಸಂಸಾರ, ಕೆಲಸ ಎಲ್ಲ ಇದೆ. ಅವರ ತಲೆ ಮೇಲೆ ನೂರು ಪುಟ ಸುರಿದು ನಾವು ಫೋಟೋ ತೆಗೆಸಿಕೊಳ್ಳುವುದು ಸರಿಯಾ?

ಇನ್ನು ಯಾರಿಗೆ ಕಲಿಸೋದು ಅನ್ನುವ ಪ್ರಶ್ನೆ. ನಮ್ಮ ಪಟ್ಟಿಯಲ್ಲಿ ಬರೀ ವಿದ್ಯಾರ್ಥಿಗಳಿದ್ದಾರೆ. ಡಿಐಪಿ ಅಂದರೆ 2,300 ಹೆಕ್ಟೇರಿನಲ್ಲಿ ಕಾರ್ಖಾನೆ, ಗೋದಾಮು, ಕಾರ್ಮಿಕರ ಕ್ಯಾಂಪು. ಭಾನುವಾರ ಸಂಜೆ ಇಲ್ಲಿಯ ಸೂಪರ್ ಮಾರ್ಕೆಟ್ ಮುಂದೆ ನಿಂತರೆ ತುಳು ಕೇಳುತ್ತದೆ, ಬ್ಯಾರಿ ಕೇಳುತ್ತದೆ, ಕುಂದಾಪುರದ ಕನ್ನಡ ಕೇಳುತ್ತದೆ. ಇವರಲ್ಲಿ ಬೆಳ್ತಂಗಡಿ ಕಡೆಯ ಎಸಿ ಮೆಕ್ಯಾನಿಕ್ ಅಣ್ಣನೊಬ್ಬರು ನಮಗೆ ಪರಿಚಯ. ಚಿಲ್ಲರ್ ಹೇಗೆ ಕೆಲಸ ಮಾಡುತ್ತದೆ ಅಂತ ನಾವು ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಓದಿದ್ದನ್ನು ಅವರು ಹತ್ತು ನಿಮಿಷ ಕನ್ನಡದಲ್ಲಿ ಹೇಳುತ್ತಾರೆ, ಒಂದು ಪದಕ್ಕೂ ತಡವರಿಸದೆ. ಬರೆಯಿರಿ ಅಂದರೆ, "ನಮಗೆ ಬರೆಯಲಿಕ್ಕೆಲ್ಲ ಬರುದಿಲ್ಲ ಮಾರಾಯ್ರೆ, ಕೇಳಿದ್ರೆ ಹೇಳ್ತೇನೆ."

ಇಲ್ಲೊಂದು ತೊಡಕಿದೆ. ವಿಕಿಪೀಡಿಯಕ್ಕೆ ಅಣ್ಣ ಹೇಳಿದ್ದು ಸಾಕಾಗೋದಿಲ್ಲ, ಎಲ್ಲಾದರೂ ಅಚ್ಚಾಗಿರಬೇಕು. ಈ ನಿಯಮ ಸರಿಯಾದದ್ದೇ, ಇಲ್ಲದಿದ್ದರೆ ಯಾರು ಬೇಕಾದರೂ ಏನು ಬೇಕಾದರೂ ಬರೆದಾರು. ಆದರೆ ಬಾಯಲ್ಲೇ ಇರುವ ಅನುಭವಕ್ಕೆ ಅದು ಬಾಗಿಲು ಹಾಕುತ್ತದೆ. ನಮಗೆ ಕಾಣುವ ದಾರಿ ಇದು: ಆಧಾರ ಓದಬಲ್ಲವರನ್ನೂ ವಿಷಯ ಬಲ್ಲವರನ್ನೂ ಜೋಡಿ ಮಾಡೋದು. ಉದಾಹರಣೆಗೆ, ಈ ದೇಶದಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಕೆಲಸ ಬಿಟ್ಟು ಹೋಗುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ 30 ದಿನದ್ದು. ಇದಕ್ಕೆಲ್ಲ ಸರ್ಕಾರದ್ದೇ ಅಧಿಕೃತ ಆಧಾರ ಅರಬ್ಬಿಯಲ್ಲಿ, ಇಂಗ್ಲಿಷಿನಲ್ಲಿ ಇದೆ. ಅದನ್ನು ನಾವು ಓದಬಲ್ಲೆವು. ಜನ ಕೇಳುವ ಪ್ರಶ್ನೆ ಯಾವುದು, ಯಾವ ಪದ ಹಾಕಿದರೆ ಕ್ಯಾಂಪಿನಲ್ಲಿ ಅರ್ಥವಾಗುತ್ತದೆ ಅನ್ನೋದು ಅಣ್ಣನಿಗೆ ಗೊತ್ತು. ಯುಎಇಯ ಕಾರ್ಮಿಕ ಕಾನೂನು ಅನ್ನುವ ಒಂದೇ ಲೇಖನ ಹೀಗೆ ಕನ್ನಡದಲ್ಲಿ ಸರಿಯಾಗಿ ನಿಂತರೆ, ಅದನ್ನು ಫೋನಿನಲ್ಲಿ ಓದುವವರು ಎಷ್ಟು ಜನ! ಆ ಗಾಯಕನ ಪುಟಕ್ಕೆ ಅಷ್ಟು ಓದುಗರು ಇದ್ದಾರೆಯೇ?

ದುಬೈಯ ಕನ್ನಡ ಪಾಠಶಾಲೆಯಲ್ಲಿ ವಾರದ ರಜೆ ಬಿಟ್ಟುಕೊಟ್ಟು ಮಕ್ಕಳಿಗೆ ಅಕ್ಷರ ಕಲಿಸುವ ಅಕ್ಕಂದಿರನ್ನೂ ನಾವು ಕೇಳಬಹುದು. ತಪ್ಪು ಕಾಗುಣಿತ ಅವರ ಕಣ್ಣಿಗೆ ಬಿದ್ದಷ್ಟು ಬೇಗ ನಮ್ಮ ಕಣ್ಣಿಗೆ ಬೀಳೋದಿಲ್ಲ. ಮತ್ತೆ ಟೈಪಿಂಗ್ ಬಗ್ಗೆ ಒಂದು ಮಾತು. ನುಡಿಯೋ, ಇನ್‌ಸ್ಕ್ರಿಪ್ಟೋ, ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸೋದೋ ಅಂತ ಅರ್ಧ ದಿನ ಕಳೆಯೋದು ಬೇಡ. ಯಾರಿಗೆ ಫೋನಿನಲ್ಲಿ ಯಾವುದು ರೂಢಿಯೋ ಅದು.

"ಸೆಮಿಸ್ಟರ್ ನಡುವೆ ಮೂರು ತಿಂಗಳು ಯಾರು ಕೂರ್ತಾರೆ?" ಅಂತ ಗುಂಪಿನಲ್ಲಿ ಆಗಲೇ ಪ್ರಶ್ನೆ ಬಂದಿದೆ. ಪ್ರಾಮಾಣಿಕ ಪ್ರಶ್ನೆ. ಥೀಸಿಸ್ ಇದೆ, ಪಾರ್ಟ್ ಟೈಮ್ ಕೆಲಸ ಇದೆ, ಊರಿಗೆ ಹೋಗೋದಿದೆ. ಅದಕ್ಕೇ ನಮ್ಮ ಬೇಡಿಕೆ ಸಣ್ಣದು. ನವೆಂಬರಿನಲ್ಲಿ ನಲವತ್ತು ಜನರ ಹಾಲ್ ಬೇಡ, ಐದು ಜೋಡಿ ಸಾಕು. ಹನ್ನೆರಡು ವಾರ, ವಾರಕ್ಕೆ ಒಂದೂವರೆ ಗಂಟೆ, ನಮ್ಮ ಫ್ಲ್ಯಾಟಿನಲ್ಲೇ. ಮೆಟ್ರೋ ಇಳಿದರೆ ಬಸ್ಸಿದೆ. ಮೊದಲ ತಿಂಗಳು ಯಾರೂ ಹೊಸ ಲೇಖನ ಶುರುಮಾಡುವಂತಿಲ್ಲ, ಇರುವುದಕ್ಕೆ ಆಧಾರ ಸೇರಿಸೋದು, ಹಳೆಯ ಅನುವಾದ ತಿದ್ದೋದು ಮಾತ್ರ. ಅಳಿಸುವ ಫಲಕ ಬಿದ್ದ ರಾತ್ರಿ ಫೋನ್ ಎತ್ತುವ ಪಾಳಿ ನಾವು ನಾಲ್ವರು ಹಂಚಿಕೊಂಡಿದ್ದೇವೆ. ಮಂಗಳವಾರ ದಾವಣಗೆರೆಯವನದ್ದು. ಸಂಘ ಹಾಲಿಗೆ ಎತ್ತಿಟ್ಟ ದುಡ್ಡಿನಲ್ಲಿ ಅಣ್ಣನಂಥವರಿಗೆ ಬಂದುಹೋಗುವ ಟ್ಯಾಕ್ಸಿ ಖರ್ಚು ಕೊಡಲಿ. ಎರಡು ಜೋಡಿ ಈಗಾಗಲೇ ಆಗಿದೆ, ಇನ್ನು ಮೂರು ಬೇಕು.